ಹಾಲಿವುಡ್ಡಿನಿಂದ ಕದ್ದ ಕಾಫಿ ಟ್ರೇ

ನನಗೆ ಅಳುವ ಚಟವಿದೆ. ನಶ್ಯ, ಇಸ್ಪೀಟುಗಳ ಹಾಗೆ ಇದೂ ಒಂದು ಚಟವೇ. ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಕಷ್ಟ, ಬಿಡುವುದು ಇನ್ನೂ ಕಷ್ಟ. ಹಾಗೆಂದು ಸಿಕ್ಕಸಿಕ್ಕಿದ್ದಕ್ಕೆಲ್ಲ ಅಳುವವನಲ್ಲ ನಾನು. ನಮ್ಮ ತಂದೆ ತೀರಿಕೊಂಡಾಗ ಬಂದವರಿಗೆಲ್ಲ ಕಾಫಿ ಆಯಿತೇ ಎಂದು ವಿಚಾರಿಸಿಕೊಂಡು ಓಡಾಡಿದವನು. ಈ ದೇಶಕ್ಕೆ ಬಂದ ಹೊಸದರಲ್ಲಿ ಡಾಕ್ಟರುಗಳ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಲೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಆದರೆ ಕಪ್ಪು ಬಿಳುಪಿನ ಹಳೆಯ ಹಾಲಿವುಡ್ ಚಿತ್ರವೊಂದರಲ್ಲಿ ತುಪ್ಪಳದ ಕೋಟು ತೊಟ್ಟ ಹೆಂಗಸೊಬ್ಬಳು ರೈಲು ನಿಲ್ದಾಣದಲ್ಲಿ ನಿಂತು, ಬಾರದ ಗಂಡಸಿಗಾಗಿ ಕಾದು, ಕೊನೆಗೆ ಕೈಗವಸನ್ನು ಸರಿಪಡಿಸಿಕೊಂಡು ಹೊರಟುಹೋದರೆ ಸಾಕು, ನಾನು ಸೋಫಾದ ಮೇಲೆ ಬಿಕ್ಕಳಿಸಿ ಅಳುತ್ತೇನೆ.

ಮ್ಯಾಂಚೆಸ್ಟರಿನ ದಕ್ಷಿಣಕ್ಕೆ, ವಿದನ್‌ಶಾ ಕಡೆಯ ನಮ್ಮ ಮನೆಯ ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ ಹಾರುವುದರಿಂದ ನನ್ನ ಬಿಕ್ಕಳಿಕೆ ನೆರೆಯವರಿಗೆ ಕೇಳಿಸುವುದಿಲ್ಲ. ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ವಾರದ ಮಧ್ಯೆ ಒಂದು ದಿನ ನನಗೆ ರಜೆ. ಅಂದು ಮಧ್ಯಾಹ್ನ ಟಿವಿಯಲ್ಲಿ ಇಂಥ ಚಿತ್ರಗಳು ಸಾಲಾಗಿ ಬರುತ್ತವೆ. ನಾಯಕಿಗೆ ಒಂದು ಕಾಯಿಲೆ ಇರುತ್ತದೆ. ಅದರ ಹೆಸರನ್ನು ಯಾವ ಡಾಕ್ಟರೂ ಹೇಳುವುದಿಲ್ಲ. ಅವಳು ದಿನದಿನಕ್ಕೂ ಬಿಳಿಚಿಕೊಳ್ಳುತ್ತಾಳೆ, ತುಟಿಯ ಬಣ್ಣ ಮಾತ್ರ ಮಾಸುವುದಿಲ್ಲ. ಕೆಮ್ಮಿದರೂ ಕೂದಲು ಕೆದರುವುದಿಲ್ಲ. ನಾನು ಅರಿವಳಿಕೆ ಡಾಕ್ಟರು, ದಿನವೂ ಹತ್ತು ಜನರ ಉಸಿರನ್ನು ಕಾಯುವವನು. ಇದೆಲ್ಲ ಶುದ್ಧ ಸುಳ್ಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅಳುತ್ತೇನೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಗಾಯತ್ರಿ ಸಂಜೆ ಮನೆಗೆ ಬಂದವಳೇ ಮೊದಲು ಟಿಶ್ಯೂ ಡಬ್ಬದ ಕಡೆ ನೋಡುತ್ತಾಳೆ. "ಇವತ್ತು ಯಾರು ಸತ್ತರು?" ಎನ್ನುತ್ತಾಳೆ.

ಈ ಚಟಕ್ಕೆ ಸತ್ಸಂಗವೂ ಬೇಕೆನಿಸಿ ನಮ್ಮ ಬಡಾವಣೆಯ ಲೈಬ್ರರಿಯ ಸಿನಿಮಾ ಕೂಟಕ್ಕೆ ಸೇರಿಕೊಂಡೆ. ತಿಂಗಳಿಗೊಮ್ಮೆ ಹಳೆಯ ಚಿತ್ರ ಹಾಕುತ್ತಾರೆ, ಬಳಿಕ ಚಹಾ ಮತ್ತು ಬಿಸ್ಕತ್ತು. ಹದಿನಾಲ್ಕು ಜನ ಸದಸ್ಯರಲ್ಲಿ ಹದಿಮೂರು ಜನ ಇಂಗ್ಲಿಷರು. ಇದು ನನ್ನ ಗಮನಕ್ಕೆ ಬಂದಿರಲಿಲ್ಲ, ಅವರ ಗಮನದಲ್ಲಿ ಮಾತ್ರ ಚೆನ್ನಾಗಿಯೇ ಇತ್ತು. ಕೂಟ ನಡೆಸುವ ಮಾರ್ಗರೆಟ್ ನಿವೃತ್ತ ಶಾಲಾ ಮೇಡಮ್ಮು. ಒಂದು ಸೆಪ್ಟೆಂಬರಿನಲ್ಲಿ ನನ್ನ ಬಳಿ ಬಂದು, ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಹಿಡಿದು, ಬಹಳ ಮೆತ್ತಗೆ ವಿಷಯ ತೆಗೆದರು. ಅಕ್ಟೋಬರಿನಲ್ಲಿ ಲೈಬ್ರರಿಯವರು ವೈವಿಧ್ಯದ ಬಗ್ಗೆ ಏನಾದರೊಂದು ಕಾರ್ಯಕ್ರಮ ಮಾಡಬೇಕಂತೆ. ಹಳೆಯ ಹಾಲಿವುಡ್ಡಿನ ಅಳುಚಿತ್ರಗಳಲ್ಲಿ ವೈವಿಧ್ಯ ಮತ್ತು ಪ್ರಾತಿನಿಧ್ಯ ಎಂಬ ವಿಷಯದ ಮೇಲೆ ನಾನೊಂದು ಉಪನ್ಯಾಸ ಕೊಡಬಹುದೇ? "ನಿಮಗೆ ಆ ದೃಷ್ಟಿಕೋನ ಇರುತ್ತದೆ, ಅಲ್ಲವೇ?" ಎಂದರು. ಇಂಗ್ಲಿಷರು ನಿಮ್ಮ ಮೈಬಣ್ಣದ ಬಗ್ಗೆ ಎಂದೂ ಮಾತಾಡುವುದಿಲ್ಲ. ನಿಮ್ಮ ದೃಷ್ಟಿಕೋನದ ಬಗ್ಗೆ ಮಾತಾಡುತ್ತಾರೆ. ನನಗಿದ್ದ ಒಂದೇ ದೃಷ್ಟಿಕೋನ ಕಣ್ಣೀರಿನ ಮೂಲಕ ನೋಡುವುದು. ಆದರೆ ಬಾಯಲ್ಲಿ ಬಿಸ್ಕತ್ತು ಇದ್ದದ್ದರಿಂದ ತಲೆಯಾಡಿಸಿಬಿಟ್ಟೆ.

ಆ ವಾರ ಲೀಡ್ಸಿನಲ್ಲಿ ಓದುತ್ತಿರುವ ಮಗಳು ಅನಘಳಿಗೆ ಫೋನಿನಲ್ಲಿ ಹೆಮ್ಮೆಯಿಂದ ಸುದ್ದಿ ಹೇಳಿದೆ. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹೀಗೆ ಇಪ್ಪತ್ತು ವರ್ಷದಿಂದ ನಮ್ಮ ಸಂಸಾರ ಸುಗಮವಾಗಿ ನಡೆದಿದೆ. ಅವಳು, "ಡ್ಯಾಡ್, ಕಳೆದ ಕ್ರಿಸ್ಮಸ್ ರಜೆಯಲ್ಲಿ ಒಂದು ಸಿನಿಮಾ ನೋಡಿ ಅಳುತ್ತಿದ್ದೆಯಲ್ಲ, ಅದರಲ್ಲಿ ಮನೆಗೆಲಸದವಳ ಹೆಸರೇನು?" ಎಂದು ಕೇಳಿದಳು. ನಾನು, ಅದರಲ್ಲಿ ಮನೆಗೆಲಸದವಳೇ ಇರಲಿಲ್ಲವಲ್ಲ ಎಂದೆ. ಹಾಗಾದರೆ ಬಾಗಿಲು ತೆಗೆದವರು ಯಾರು, ಕಾಫಿ ತಂದವರು ಯಾರು, ನಾಯಕಿ ಮೂರ್ಛೆ ಹೋದಾಗ ಕೆಳಗೆ ಬೀಳದಂತೆ ಹಿಡಿದವರು ಯಾರು ಎಂದು ಒಂದೊಂದಾಗಿ ಕೇಳಿದಳು.

ಆ ಚಿತ್ರವನ್ನು ಹುಡುಕಿ ಮತ್ತೆ ಹಾಕಿಕೊಂಡೆ, ಈ ಸಲ ಕೈಯಲ್ಲಿ ನೋಟ್‌ಬುಕ್ ಹಿಡಿದು. ಮನೆಗೆಲಸದವಳು ಇದ್ದಳು. ಕರಿಯ ಹೆಂಗಸು, ತುಂಬು ಮೈ, ಬಿಳಿಯ ಏಪ್ರನ್ನು. ಆರು ಸಲ ಬಾಗಿಲು ತೆಗೆದಳು, ನಾಲ್ಕು ಸಲ ಟ್ರೇ ತಂದಳು, ಒಂದು ಸಲ ನಾಯಕಿಯ ದುಃಖಕ್ಕೆ ತಾನೂ ಅತ್ತಳು. ನಾನು ಆ ಚಿತ್ರವನ್ನು ಐದು ಸಲ ನೋಡಿದ್ದೆ, ಅವಳನ್ನು ಒಂದು ಸಲವೂ ನೋಡಿರಲಿಲ್ಲ. ಆಮೇಲೆ ಬೇರೆ ಚಿತ್ರಗಳನ್ನೂ ಹೀಗೆಯೇ ನೋಡತೊಡಗಿದೆ. ಎಲ್ಲ ಕಡೆ ಅವಳೇ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಹಿಡಿಯಬೇಕಾದ ಬಸ್ಸಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದರೂ ಇಸ್ತ್ರಿ ಮಾಡಿದ ಏಪ್ರನ್ನಿನಲ್ಲೇ ಬರುತ್ತಾಳೆ. ಮನೆಯೊಡತಿಯ ಪ್ರೇಮಭಂಗಕ್ಕೆ ಎದೆ ಒಡೆದುಕೊಳ್ಳುವ ಇವಳ ಮನೆಯಲ್ಲಿ ಯಾರಿಗಾದರೂ ಒಂದು ನೆಗಡಿಯಾದರೂ ಆಗಿತ್ತೇ ಎಂದು ಇಡೀ ಹಾಲಿವುಡ್ಡಿನಲ್ಲಿ ಒಬ್ಬರೂ ವಿಚಾರಿಸುವುದಿಲ್ಲ. ಇನ್ನು ಅವಳ ಮಾತು. ಅವಳ ಬಾಯಲ್ಲಿ ಒಂದು ವಿಚಿತ್ರ ಇಂಗ್ಲಿಷ್ ಇಟ್ಟಿರುತ್ತಾರೆ. ಅವಳು ಬಾಯಿ ತೆರೆದರೆ ಜನ ನಗಬೇಕು, ಅಷ್ಟಕ್ಕೇ. ನಾಯಕಿ ಅತ್ತು ಅತ್ತು ಪ್ರೇಕ್ಷಕರಿಗೆ ಸುಸ್ತಾದಾಗ ಇವಳನ್ನು ಒಳಗಿನಿಂದ ಕರೆಸಿ ಎರಡು ಮಾತಾಡಿಸಿ ಮತ್ತೆ ಒಳಗೆ ಕಳಿಸುತ್ತಾರೆ.

ನಮ್ಮ ಜನರ ಪಾಡನ್ನಂತೂ ಕೇಳಲೇಬೇಡಿ. ಹಿಂದೂಸ್ಥಾನದ ಮಹಾರಾಜ ಬೇಕೆಂದರೆ ಒಬ್ಬ ಬಿಳಿಯ ನಟನಿಗೆ ಬೂಟ್ ಪಾಲಿಶಿನಂಥದ್ದೇನನ್ನೋ ಬಳಿದು ಮುಂಡಾಸು ಸುತ್ತಿ ನಿಲ್ಲಿಸುತ್ತಿದ್ದರು. ಬಣ್ಣ ಕಿವಿಯ ಹಿಂದಕ್ಕೆ ಮುಟ್ಟಿರುತ್ತಿರಲಿಲ್ಲ. ಒಂದು ಚಿತ್ರದಲ್ಲಿ ಮಹಾರಾಜನ ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ನನ್ನ ಆಪರೇಷನ್ ಟೇಬಲ್ಲಿನ ಮೇಲೆ ಯಾರಾದರೂ ಹಾಗೆ ಕಂಡಿದ್ದರೆ ತಕ್ಷಣ ಆಮ್ಲಜನಕ ಹೆಚ್ಚಿಸುತ್ತಿದ್ದೆ. ಬಿಳಿಯರೂ ಕರಿಯರೂ ಪ್ರೀತಿಸುವುದನ್ನು ತೆರೆಯ ಮೇಲೆ ತೋರಿಸಬಾರದೆಂದು ಆ ಕಾಲದ ಸ್ಟುಡಿಯೋಗಳು ಕಟ್ಟುಪಾಡನ್ನೇ ಬರೆದಿಟ್ಟುಕೊಂಡಿದ್ದವಂತೆ. ಅಂದರೆ ಬಣ್ಣ ಬಳಿದುಕೊಂಡವನು ಬೇಕು, ಬಣ್ಣದೊಂದಿಗೇ ಹುಟ್ಟಿದವನು ಬೇಡ. ನನಗೆ ಕೋಪ ಬಂತು. ಕೋಪದಲ್ಲಿ ಉಪನ್ಯಾಸ ತನ್ನಷ್ಟಕ್ಕೆ ತಾನೇ ಹರಿದು ಬಂತು. ಇಪ್ಪತ್ತು ಪುಟವಾಯಿತು.

ಇಲ್ಲಿ ಸ್ವಲ್ಪ ನಿಲ್ಲಿಸಿ ನನ್ನ ಇನ್ನೊಂದು ಕೀರ್ತಿಯ ಬಗ್ಗೆ ಹೇಳಬೇಕು. ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್ ಕಡೆಯ ಕನ್ನಡದವರೆಲ್ಲ ನವೆಂಬರಿನ ಒಂದು ಶನಿವಾರ ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್ ಎಂಬ ಊರಿನ ಬಾಲಾಜಿ ದೇವಸ್ಥಾನಕ್ಕೆ ಹೋಗಿ, ಹತ್ತಿರದ ಶಾಲೆಯೊಂದರ ಹಾಲಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಅಲ್ಲಿ ನಡೆಯುವ ನಾಟಕವನ್ನು ಎಂಟು ವರ್ಷದಿಂದ ಬರೆದು ಆಡಿಸಿ, ನಾಯಕನ ಪಾತ್ರವನ್ನೂ ಮಾಡುತ್ತಿರುವವನು ನಾನೇ. ಎಲ್ಲವೂ ಕಣ್ಣೀರಿನ ನಾಟಕಗಳು. ಕಥೆಗಳನ್ನು ಎಲ್ಲಿಂದ ತರುತ್ತೇನೆಂದು ನೀವು ಊಹಿಸಿರಬಹುದು. ತುಪ್ಪಳದ ಕೋಟಿನ ಬದಲು ಮೈಸೂರು ರೇಷ್ಮೆ, ರೈಲು ನಿಲ್ದಾಣದ ಬದಲು ರೈಲು ನಿಲ್ದಾಣವೇ. ನಾಯಕನಿಗೆ ಹೆಸರು ಹೇಳಲಾಗದ ಕಾಯಿಲೆ. ನಾನು ಪ್ರತಿ ನವೆಂಬರಿನಲ್ಲಿ ಸಾಯುತ್ತೇನೆ, ಜನ ಪ್ರತಿ ನವೆಂಬರಿನಲ್ಲಿ ಅಳುತ್ತಾರೆ. ಅತ್ತು ಸುಸ್ತಾದಾಗ ನಗಿಸಲು ಮನೆಯಾಳಿನ ಪಾತ್ರ ಒಂದಿರುತ್ತದೆ. ಅದನ್ನು ಎಂಟು ವರ್ಷದಿಂದಲೂ ಮಾಡುತ್ತಿರುವವನು ನನ್ನ ಗೆಳೆಯ ಸಂಗಪ್ಪ.

ಸಂಗಪ್ಪ ಬಾಗಲಕೋಟೆ ಕಡೆಯವನು. ನಮ್ಮ ಆಸ್ಪತ್ರೆಯಲ್ಲೇ ಮೂಳೆಯ ಸರ್ಜನ್. ಆರಡಿ ಎತ್ತರ. ಆಪರೇಷನ್ ಕೋಣೆಯಲ್ಲಿ ಅವನೇ ನಾಯಕ. ಅವನು ಟೇಬಲ್ ಮೇಲಕ್ಕೆ ಎಂದರೆ ನಾನು ಮೇಲೆತ್ತುತ್ತೇನೆ, ಕೆಳಕ್ಕೆ ಎಂದರೆ ಇಳಿಸುತ್ತೇನೆ. ರೋಗಿ ವಾಸಿಯಾಗಿ ಹೋಗುವಾಗ ಸಂಗಪ್ಪನಿಗೆ ಚಾಕೊಲೇಟ್ ಡಬ್ಬ ಕೊಡುತ್ತಾನೆ. ಮೂರು ಗಂಟೆ ತನ್ನ ಉಸಿರನ್ನು ಕೈಯಲ್ಲಿ ಹಿಡಿದು ತಲೆಯ ಹತ್ತಿರ ಕೂತಿದ್ದ ನನ್ನನ್ನು ಲಿಫ್ಟಿನಲ್ಲಿ ಕಂಡರೆ ಯಾರೋ ಎಂಬಂತೆ ಸರಿದು ನಿಲ್ಲುತ್ತಾನೆ. ಇದು ನನ್ನ ಮನಸ್ಸಿನಲ್ಲಿ ಇತ್ತೇ ಎಂದರೆ ಇತ್ತು. ಎಂಟು ವರ್ಷದ ನಾಟಕಗಳಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಗಾಯತ್ರಿ ಒಮ್ಮೆ ಕೇಳಿದ್ದಳು. ನಾನು ಮಾತು ತಿರುಗಿಸಿದ್ದೆ.

ಉಪನ್ಯಾಸದ ದಿನ ಬಂತು. ಕೂಟದ ಹದಿಮೂರು ಜನರಲ್ಲಿ ಮೂವರು ಮೊದಲ ಹತ್ತು ನಿಮಿಷದಲ್ಲೇ ನಿದ್ದೆ ಹೋಗುವ ಗಿರಾಕಿಗಳು. ಜನರನ್ನು ನಿದ್ದೆ ಮಾಡಿಸುವುದೇ ನನ್ನ ಕಸುಬಾದರೂ ಅಂದು ಎಚ್ಚರವಿರುವವರು ಬೇಕಿತ್ತು. ಆದ್ದರಿಂದ ಸಂಗಪ್ಪನನ್ನೂ ಬಲವಂತ ಮಾಡಿ ಕರೆದುಕೊಂಡು ಹೋದೆ. ಅವನು ಹಿಂದಿನ ಸಾಲಿನಲ್ಲಿ, ಮಕ್ಕಳ ಪುಸ್ತಕದ ಕಪಾಟಿನ ಪಕ್ಕದ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತ. ನಾನು ಆರಂಭಿಸಿದೆ. ಟ್ರೇ ಹಿಡಿದವಳಿಗೂ ಒಂದು ಮನೆಯಿತ್ತು ಎಂದೆ. ಅವಳ ಮಾತನ್ನು ನಗೆಪಾಟಲು ಮಾಡಿದವರು ಅವಳ ತಾಯಿಯ ಮಾತನ್ನೂ ನಗೆಪಾಟಲು ಮಾಡಿದರು ಎಂದೆ. ನಾವು ಯಾರಿಗಾಗಿ ಅಳುತ್ತೇವೆ, ಯಾರನ್ನು ನೋಡಿ ನಗುತ್ತೇವೆ ಎಂಬುದರಲ್ಲೇ ನಮ್ಮ ಬಂಡವಾಳವೆಲ್ಲ ಬಯಲಾಗುತ್ತದೆ ಎಂದೆ. ಈ ಮಾತು ಬರೆಯುವಾಗಲೇ ನನಗೆ ಬಹಳ ಹಿಡಿಸಿತ್ತು, ಹಾಗಾಗಿ ಎರಡು ಸಲ ಹೇಳಿದೆ. ಮಾರ್ಗರೆಟ್ ಕಣ್ಣೊರೆಸಿಕೊಂಡರು. ನಿದ್ದೆ ಹೋಗಿದ್ದ ಮೂವರೂ ಚಪ್ಪಾಳೆಗೆ ಎದ್ದು ತಾವೂ ಚಪ್ಪಾಳೆ ತಟ್ಟಿದರು. ಎಲ್ಲರೂ ಬಂದು ಕೈ ಕುಲುಕಿ, ತಮ್ಮ ಜನ ಮಾಡಿದ್ದಕ್ಕೆಲ್ಲ ನನ್ನೊಬ್ಬನ ಬಳಿ ಕ್ಷಮೆ ಕೇಳುವವರ ಹಾಗೆ ತಲೆ ತಗ್ಗಿಸಿದರು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಮನೆಗೆ ವಾಪಸು ಹೊರಟಾಗ ಸಂಗಪ್ಪ ಕಾರು ಓಡಿಸುತ್ತಿದ್ದ. ನಾನು ಇನ್ನೂ ಚಪ್ಪಾಳೆಯ ಗುಂಗಿನಲ್ಲಿದ್ದೆ. "ಹೇಗಿತ್ತೋ?" ಎಂದೆ. "ಚೆನ್ನಾಗಿತ್ತು," ಎಂದ. ಸಂಗಪ್ಪ ನಮ್ಮ ನಡುವೆ ಇದ್ದಾಗ ನಮ್ಮಂತೆಯೇ ಬೆಂಗಳೂರು ಕಡೆಯ ಕನ್ನಡದಲ್ಲಿ ಮಾತಾಡುತ್ತಾನೆ. ಇಲ್ಲಿ ಎಲ್ಲ ಊರಿನವರೂ ಸೇರಿದಾಗ ಹಾಗೆಯೇ ರೂಢಿಯಾಗಿಬಿಟ್ಟಿದೆ. ರೂಢಿ ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವನು ಮುಂದೆ ನೋಡಿಕೊಂಡೇ, ಇದ್ದಕ್ಕಿದ್ದಂತೆ ತನ್ನ ಊರಿನ ಕನ್ನಡಕ್ಕೆ ಹೊರಳಿದ.

"ಮೂರ್ತಿ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಎಂಟು ವರ್ಷದಾಗ ನಾ ನಿನಗ ಎಷ್ಟು ಸಲ ಕಾಫಿ ತಂದು ಕೊಟ್ಟೀನಿ, ಲೆಕ್ಕ ಐತೇನು?"

"ಯಾವ ಕಾಫಿ?" ಎಂದೆ. ಸಿಗ್ನಲ್ ಹಸಿರಾಯಿತು, ಅವನು ಕಾರು ಬಿಟ್ಟ. ಇಪ್ಪತ್ತು ಪುಟದ ಉಪನ್ಯಾಸ ನನ್ನ ತೊಡೆಯ ಮೇಲೆಯೇ ಇತ್ತು. ಮುಂದಿನ ಸರ್ಕಲ್ ಬರುವುದರೊಳಗೆ ನನಗೆ ಅರ್ಥವಾಯಿತು. ಹಾಲಿವುಡ್ಡಿನಿಂದ ನಾನು ಕಥೆಗಳನ್ನಷ್ಟೇ ಕದ್ದಿರಲಿಲ್ಲ, ಆ ಟ್ರೇಯನ್ನೂ ಕದ್ದು ತಂದು ಸಂಗಪ್ಪನ ಕೈಗೆ ಕೊಟ್ಟಿದ್ದೆ. ಒಂದು ವರ್ಷ ಅವನ ಹೆಸರು ಭೀಮ, ಒಂದು ವರ್ಷ ಕಾಳ, ಒಂದು ವರ್ಷ ಹೆಸರೇ ಇರಲಿಲ್ಲ. "ಬಂದ್ನಿರಿ ಸಾಹೇಬ್ರ" ಎನ್ನುತ್ತ ಅವನು ರಂಗಕ್ಕೆ ಕಾಲಿಟ್ಟರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ಬರೆದ ಹಾಸ್ಯ ಬಹಳ ಚುರುಕಾಗಿದೆ ಎಂದುಕೊಂಡಿದ್ದೆ. ಬರೆದದ್ದಾದರೂ ಏನು? ಅವನ ಊರಿನ ಮಾತನ್ನು ಅವನ ಬಾಯಲ್ಲೇ ಆಡಿಸಿದ್ದೆ, ಅಷ್ಟೇ. ವರ್ಷವಿಡೀ ನಮ್ಮ ಹಾಗೆ ಮಾತಾಡುವ ಅವನನ್ನು, ವರ್ಷಕ್ಕೊಂದು ಸಂಜೆ ಅವನ ಹಾಗೆಯೇ ಮಾತಾಡಿಸಿ ನಗುತ್ತಿದ್ದೆವು.

"ಅದೇನು ಬಿಡು, ನಾಟಕ," ಎಂದ ಸಂಗಪ್ಪ. "ನನಗೇನೂ ಅನಿಸ್ತಿರಲಿಲ್ಲ. ಎರಡು ವರ್ಷದ ಹಿಂದ ನಮ್ಮವ್ವ ಬಂದಿದ್ಲಲ್ಲ, ನೆಪ್ಪೈತೇನು? ಮುಂದಿನ ಸಾಲಿನ್ಯಾಗ ಕುಂತಿದ್ಲು. ಮನಿಗೆ ಬಂದ ಮ್ಯಾಲೆ ಕೇಳಿದ್ಲು, ನೀ ಡಾಕ್ಟರ್ ಅಲ್ಲೇನೋ, ಅವರಿಗ್ಯಾಕ ಚಾ ಕಾಫಿ ಕೊಡಾಕತ್ತಿದ್ದಿ ಅಂತ. ನಾಟಕಬೇ ಅದು ಅಂದ್ನಿ. ಆತು ಅಂದ್ಲು. ಆಮ್ಯಾಲ ಒಂದು ತಾಸು ಬಿಟ್ಟು ಮತ್ತ ಕೇಳಿದ್ಲು. ನೀ ನಾ ಮಾತಾಡಿದಂಗ ಮಾತಾಡಿದಿ, ಅದಕ್ಕ ಮಂದಿ ಯಾಕ ನಕ್ರು ಅಂತ." ಇಂಡಿಕೇಟರ್ ಹಾಕಿ ನಮ್ಮ ಬೀದಿಗೆ ತಿರುಗಿಸಿದ.

ಆ ಮುದುಕಿ ನಮ್ಮ ಮನೆಯಲ್ಲಿ ಊಟ ಮಾಡಿದ್ದರು. ಗಾಯತ್ರಿಗೆ ಎಣ್ಣೆಗಾಯಿ ಮಾಡುವುದನ್ನು ಹೇಳಿಕೊಟ್ಟಿದ್ದರು. ಅವರು ಅಂದು ನಗದೇ ಕೂತದ್ದನ್ನು ನಾನೂ ರಂಗದ ಮೇಲಿನಿಂದ ನೋಡಿದ್ದೆ. ಪಾಪ, ವಯಸ್ಸಾಗಿದೆ, ಕಿವಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಉಪನ್ಯಾಸದಲ್ಲಿ ಮಾರ್ಗರೆಟ್ಟರ ಜನರ ಪರವಾಗಿ ಆದ ನಾಚಿಕೆಯಂಥದ್ದಲ್ಲ, ಇದು ನನ್ನದೇ ನಾಚಿಕೆ.

ನಾಚಿಕೆಯಾದಾಗ ಸುಮ್ಮನಿರಲಾರದ ಸ್ವಭಾವ ನನ್ನದು. ತಕ್ಷಣ ಪರಿಹಾರ ಹುಡುಕಿ ಇನ್ನಷ್ಟು ಕೆಡಿಸುತ್ತೇನೆ. ಮರುದಿನವೇ ಗಾಯತ್ರಿಯನ್ನು ಕರೆದುಕೊಂಡು ಸಂಗಪ್ಪನ ಮನೆಗೆ ಹೋದೆ. ರಾಜ್ಯೋತ್ಸವಕ್ಕೆ ಇನ್ನು ನಾಲ್ಕು ವಾರ, ಕರಪತ್ರದಲ್ಲಿ ನನ್ನ ನಾಟಕದ ಹೆಸರು ಅಚ್ಚಾಗಿಬಿಟ್ಟಿತ್ತು. "ಸಂಗಪ್ಪ, ಈ ಸಲ ನಾಯಕನ ಪಾತ್ರ ನಿನ್ನದು," ಎಂದೆ. ಅವನ ಮುಖ ಅರಳಿತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. "ಭಾಷೆ ಮಾತ್ರ ಸ್ವಲ್ಪ ನೋಡ್ಕೋ," ಎಂದು ಸೇರಿಸಿದೆ. "ನಾಯಕ ಸಾಯೋ ದೃಶ್ಯ ಇದೆಯಲ್ಲ, ಅಲ್ಲಿ ಧಾರವಾಡದ ಧಾಟಿ ಬಂದರೆ ಜನ ನಕ್ಕುಬಿಡ್ತಾರೆ. ನೀನು ನಮ್ಮ ಜೊತೆ ಮಾತಾಡ್ತೀಯಲ್ಲ, ಹಾಗೆ ಮಾತಾಡಿದರೆ ಸಾಕು."

ಗಾಯತ್ರಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತಡವಾಗಿತ್ತು. ಸಂಗಪ್ಪ ನನ್ನನ್ನೇ ನೋಡಿದ. ಆಮೇಲೆ ಜೋರಾಗಿ ನಗಲು ಶುರು ಮಾಡಿದ.

"ಅಂದ್ರ ಬಣ್ಣ ಬಳಕೊಂಡು ಬಾ ಅಂತೀ. ನಿನ್ನ ಮಹಾರಾಜನಂಗ."

"ಹಾಗಲ್ಲ ಮಾರಾಯ, ಅದು ಬೇರೆ, ಇದು ಬೇರೆ..."

"ಕಿವಿ ಹಿಂದನೂ ಹಚ್ಚಲೇನು?" ಎಂದು ಅವನು ಕಣ್ಣೊರೆಸಿಕೊಂಡ. ಗಾಯತ್ರಿಯೂ ನಕ್ಕಳು. ನಗುವಿನಲ್ಲಿ ಅವಳು ಯಾವಾಗಲೂ ನನ್ನ ಎದುರು ಪಕ್ಷ. ನಗು ಮುಗಿದ ಮೇಲೆ ಸಂಗಪ್ಪ ಗಂಭೀರವಾದ. ಒಳಗೆ ಹೋಗಿ ಒಂದು ನೀಲಿ ಫೈಲು ತಂದು ಮೇಜಿನ ಮೇಲಿಟ್ಟ. ಅದರಲ್ಲಿ ಅವನೇ ಬರೆದ ನಾಟಕವಿತ್ತು. ಯಾವಾಗ ಬರೆದೆ ಎಂದೆ. ಅವ್ವ ವಾಪಸು ಹೋದ ತಿಂಗಳು ಎಂದ. ಎರಡು ವರ್ಷದಿಂದ ಇಟ್ಟುಕೊಂಡಿದ್ದೀಯ, ಒಂದು ಮಾತು ಹೇಳಬಾರದಿತ್ತೇ ಎಂದೆ. "ನೀ ಕೇಳಲಿಲ್ಲಲಾ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಈ ವರ್ಷ ಇದನ್ನ ಆಡೋದಾದ್ರ ನಾ ಬರ್ತೀನಿ. ಇಲ್ಲಾಂದ್ರ ನಿನ್ನ ನಾಟಕ ನೀನ ಮಾಡ್ಕೊ, ಕಾಫಿನೂ ನೀನ ತಂದ್ಕೊ."

ನಾಟಕ ಓದಿದೆ. ಚೆನ್ನಾಗಿತ್ತು. ಹೇಳಲು ಸಂಕಟವಾದರೂ ಹೇಳಲೇಬೇಕು, ನನ್ನ ಎಂಟಕ್ಕಿಂತಲೂ ಚೆನ್ನಾಗಿತ್ತು. ಒಬ್ಬ ಡಾಕ್ಟರು, ಅವನ ತಾಯಿ, ಅವಳನ್ನು ಈ ದೇಶಕ್ಕೆ ಕರೆತರಲು ಅವನು ಪಡುವ ಪಾಡು. ಇಡೀ ನಾಟಕ ಬಾಗಲಕೋಟೆಯ ಮಾತಿನಲ್ಲಿ. ಯಾರೂ ಸಾಯುವುದಿಲ್ಲ, ಆದರೂ ಮೂರು ಕಡೆ ನಾನು ಟಿಶ್ಯೂ ಡಬ್ಬಕ್ಕೆ ಕೈ ಹಾಕಿದೆ. ಸರಿ, ಇದನ್ನೇ ಆಡೋಣ ಎಂದೆ. ನನಗೆ ಯಾವ ಪಾತ್ರ ಎಂದು ಕೇಳಿದೆ. ಮೂರನೆಯ ದೃಶ್ಯ ನೋಡು ಎಂದ. ಮೂರನೆಯ ದೃಶ್ಯದಲ್ಲಿ ಡಾಕ್ಟರರ ಮನೆಗೆ ಒಬ್ಬ ಮೈಸೂರು ಕಡೆಯ ಅಡುಗೆಯವನು ಬರುತ್ತಾನೆ. ಹೆಸರಿಲ್ಲ. ಮೂರು ಮಾತು. "ಕಾಫಿ ತಂದಿದೀನಿ, ಒಂಚೂರು ತಗೊಳ್ತೀರಾ?" ಎಂಬುದು ಮೊದಲನೆಯದು. "ಬೇಡ ಅಂದ್ರೆ ಪರವಾಗಿಲ್ಲ, ಬಲವಂತ ಏನಿಲ್ಲ" ಎಂಬುದು ಎರಡನೆಯದು. "ಆಗಲಿ, ಇಲ್ಲೇ ಇಟ್ಟಿರ್ತೀನಿ, ತಮಗೆ ಯಾವಾಗ ಅನುಕೂಲವೋ ಆವಾಗ" ಎಂಬುದು ಮೂರನೆಯದು.

ಆ ವಾರ ನಾನು ನಡೆದುಕೊಂಡ ರೀತಿ ಹೇಳಿಕೊಳ್ಳುವಂಥದ್ದಲ್ಲ. ಎರಡು ಸಲ ಫೋನ್ ಮಾಡಿ ಈ ಅಡುಗೆಯವನಿಗೆ ಸಂಸಾರ ಇದೆಯೇ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಅವನು ಮೈಸೂರು ಬಿಟ್ಟು ಯಾಕೆ ಬಂದ ಎಂದೆ. ಕಾಫಿ ಕೊಡಲಿಕ್ಕೆ ಎಂದ. ಅವನ ಬಾಯಲ್ಲಿ ಒಂದು ದುಃಖದ ಮಾತು ಸೇರಿಸಿದರೆ ಪಾತ್ರ ಎತ್ತರಕ್ಕೆ ಹೋಗುತ್ತದೆ ಎಂದು ನಾನೇ ಅರ್ಧ ಪುಟ ಬರೆದು ಕಳಿಸಿದೆ. "ಟ್ರೇ ಗಟ್ಟಿಯಾಗಿ ಹಿಡಿ, ಸಾಕು" ಎಂದು ಉತ್ತರ ಬಂತು. ಅನಘಳಿಗೆ ಫೋನಿನಲ್ಲಿ ದೂರು ಹೇಳಿದರೆ ಅವಳು, ಎರಡನೆಯ ಉಪನ್ಯಾಸಕ್ಕೆ ಒಳ್ಳೆಯ ವಸ್ತು ಸಿಕ್ಕಿತಲ್ಲ ಎಂದಳು.

ರಾಜ್ಯೋತ್ಸವದ ದಿನ ಎಂ-ಸಿಕ್ಸ್ ಹೆದ್ದಾರಿಯಲ್ಲಿ ಎಂದಿನಂತೆ ಕಾರುಗಳು ನಿಂತಲ್ಲೇ ನಿಂತಿದ್ದವು. ಹಿಂದಿನ ಸೀಟಿನಲ್ಲಿ ಕೂತು ನನ್ನ ಮೂರು ಮಾತುಗಳನ್ನು ನೂರು ಸಲ ಒಪ್ಪಿಸಿದೆ. ದೇವಸ್ಥಾನದಲ್ಲಿ ಕೈ ಮುಗಿದು, ಹಾಲಿಗೆ ಹೋಗಿ ಪಂಚೆ ಉಟ್ಟು, ತಲೆಗೊಂದು ರುಮಾಲು ಸುತ್ತಿ, ಮೀಸೆ ಅಂಟಿಸಿಕೊಂಡು ಪರದೆಯ ಬದಿಗೆ ನಿಂತೆ. ಎಂಟು ವರ್ಷ ನಾಯಕನಾಗಿ ರಂಗದ ನಡುವೆ ನಿಂತವನಿಗೆ ಬದಿಯಿಂದ ನಾಟಕ ಹೇಗೆ ಕಾಣುತ್ತದೆಂದು ಗೊತ್ತೇ ಇರಲಿಲ್ಲ. ಅಲ್ಲಿಂದ ಕಾಣುವುದು ನಾಯಕನ ತಲೆಯ ಹಿಂಭಾಗ ಮತ್ತು ನಿಮ್ಮ ಕಡೆ ನೋಡದ ಮುನ್ನೂರು ಕಣ್ಣುಗಳು. ಟ್ರೇ ಭಾರವಿರುತ್ತದೆ. ಎಂಟು ವರ್ಷದಲ್ಲಿ ಸಂಗಪ್ಪ ಒಂದು ಸಲವೂ ಅದನ್ನು ಹೇಳಿರಲಿಲ್ಲ.

ನನ್ನ ಸರದಿ ಬಂತು. ಹೋಗಿ, ನಾನು ಮನೆಯಲ್ಲಿ ಹೇಗೆ ಮಾತಾಡುತ್ತೇನೋ ಹಾಗೆಯೇ ಹೇಳಿದೆ, "ಕಾಫಿ ತಂದಿದೀನಿ, ಒಂಚೂರು ತಗೊಳ್ತೀರಾ?" ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಎಡಗಡೆ ಕೂತಿದ್ದ ಹುಬ್ಬಳ್ಳಿ, ಬಿಜಾಪುರ ಕಡೆಯವರು ಕುರ್ಚಿಯ ಕೈ ಬಡಿದು ನಕ್ಕರು. ಎರಡನೆಯ ಮಾತಿಗೆ ಇನ್ನೂ ಜಾಸ್ತಿ. ಮೂರನೆಯದು ಯಾರಿಗೂ ಕೇಳಿಸಲೇ ಇಲ್ಲ. ನಾನು ಟ್ರೇ ಇಟ್ಟು ಒಳಗೆ ಬಂದೆ. ಗಾಯತ್ರಿ ಪರದೆಯ ಹಿಂದೆ ನಿಂತಿದ್ದಳು. "ನಗುವಂಥದ್ದು ಏನಿತ್ತೇ ಅದರಲ್ಲಿ? ನಾನು ದಿನಾ ಮಾತಾಡೋ ಹಾಗೇ ತಾನೇ ಮಾತಾಡಿದ್ದು?" ಎಂದೆ. ಅವಳು ರುಮಾಲು ಸರಿಪಡಿಸಿ ನನ್ನನ್ನು ನೋಡಿದಳು, ಅಷ್ಟೇ. ಆಮೇಲೆ ಕೊನೆಯ ದೃಶ್ಯ ನಡೆಯಿತು. ಸಂಗಪ್ಪ ಅವನ ಮಾತಿನಲ್ಲೇ, ಅವನ ಅವ್ವನ ಮಾತಿನಲ್ಲೇ ಮಾತಾಡಿದ. ಯಾರೂ ನಗಲಿಲ್ಲ. ನಾನು ಪರದೆಯ ಬದಿಯಲ್ಲಿ ನಿಂತು ಮೀಸೆ ಕಳಚಿ ಬೀಳುವಷ್ಟು ಅತ್ತೆ.

ನಾಟಕವನ್ನು ಸಂಗಪ್ಪನ ಹೆಂಡತಿ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿ ಬಾಗಲಕೋಟೆಯ ಅವ್ವನಿಗೆ ಮೊದಲಿನಿಂದ ಕೊನೆಯವರೆಗೆ ತೋರಿಸಿದ್ದರು. ಪರದೆ ಬಿದ್ದ ಮೇಲೆ ನಾವೆಲ್ಲ ಫೋನಿನ ಸುತ್ತ ನೆರೆದೆವು. ಅವ್ವನ ಮುಖ ತುಂಬ ಹತ್ತಿರ ಬಂದು ಹಣೆ ಮಾತ್ರ ಕಾಣುತ್ತಿತ್ತು. "ಚಲೋ ಆತಪಾ, ಭಾಳ ಚಲೋ ಆತು," ಎಂದು ಮಗನಿಗೆ ಹೇಳಿದರು. ಅವರು ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಸಂಗಪ್ಪ ಆ ಕಡೆ ತಿರುಗಿಕೊಂಡ. ನಾನು ಮುಂದೆ ಬಾಗಿ ನಮಸ್ಕಾರ ಮಾಡಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಈ ಕಾಫಿ ತರಾಂವನ್ನ ಎಲ್ಲಿಂದ ಹುಡುಕಿದ್ರಿ? ಖರೇನ ಆಳು ಇದ್ದಂಗ ಅದಾನ. ಪಾಪ, ಅವಂಗೊಂದಿಷ್ಟು ಊಟ ಹಾಕಿ ಕಳಸ್ರಿ," ಎಂದರು. ಕರೆ ಮುಗಿಯಿತು.

ಅವರಿಗೆ ಕಣ್ಣಿನ ಪೊರೆ ಬಂದಿದೆ, ಅದಕ್ಕೇ ಗುರುತು ಹತ್ತಲಿಲ್ಲ ಎಂದು ಗಾಯತ್ರಿ ಸಮಾಧಾನ ಹೇಳಿದಳು. ನನಗೇಕೋ ಅನುಮಾನ, ಆ ಕಣ್ಣುಗಳು ಚೆನ್ನಾಗಿಯೇ ಇದ್ದವು. ಸಂಗಪ್ಪನನ್ನು ಪಕ್ಕಕ್ಕೆ ಎಳೆದು, "ನಾನು ಡಾಕ್ಟರು ಅಂತ ಹೇಳಬಾರದಿತ್ತೇನೋ?" ಎಂದೆ.

"ಅವ್ವ ಕೇಳಲಿಲ್ಲಲಾ," ಎಂದ ಅವನು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಯಾರೋ ನನ್ನ ಕಡೆ ಕೈಬೀಸಿ, ಕಾಫಿ ಇನ್ನೂ ಇದೆಯೇ ಎಂದು ಕೇಳಿದರು. ನಾನು ಪಂಚೆ, ರುಮಾಲಿನಲ್ಲೇ ಇದ್ದೆ. ಒಳಗೆ ಹೋಗಿ ನಾಲ್ಕು ಲೋಟ ತುಂಬಿಸಿ, ಅದೇ ಟ್ರೇಯಲ್ಲಿಟ್ಟುಕೊಂಡು ಬಂದೆ. ತೆಗೆದುಕೊಂಡವರು ನನ್ನ ಮುಖ ನೋಡಲಿಲ್ಲ.